ಅಭಯದಾನದ ಅನಂತರ

ದಾನವು ನಾಲ್ಕು ವಿಧವೆಂಬುದು ಶ್ರಾವಕ ಕುಲದ ಮಕ್ಕಳಿಗೂ ತಿಳಿದ ವಿಷಯ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಈ ನಾಲ್ಕರಲ್ಲಿ ಗೋವುಗಳ ಮಾತು ಬಂದಾಗ ಸಮಾಜಕ್ಕೆ ಅತ್ಯಂತ ಪ್ರಿಯವಾದುದು ಅಭಯದಾನ. ಮಹಾವೀರ ಜಯಂತಿಯಂದೋ ದಶಲಕ್ಷಣ ಪರ್ವದ ದಿನಗಳಲ್ಲೋ ಕಟುಕನ ಕಡೆಗೆ ಸಾಗುತ್ತಿರುವ ದನಗಳನ್ನು ಹಣ ಕೊಟ್ಟು ಬಿಡಿಸಿ ಗೋಶಾಲೆಗೆ ಒಪ್ಪಿಸುವುದು ಅನೇಕ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಅದಕ್ಕೆ ರಸೀದಿ ದೊರೆಯುತ್ತದೆ, ದಾನಿಯ ಹೆಸರು ಅಮೃತಶಿಲೆಯ ಮೇಲೆ ಬರುತ್ತದೆ. ಬಿಡಿಸಿದ ಹಸುವಿಗೆ ಮರುದಿನ ಬೆಳಿಗ್ಗೆ ಏನಾಯಿತೆಂಬುದು ಮಾತ್ರ ಶಿಲೆಯ ಮೇಲೆ ಬರುವುದಿಲ್ಲ. ಕತ್ತಿಯಿಂದ ಬಿಡಿಸಿದ ಮಾತ್ರಕ್ಕೆ ಅಭಯದಾನವು ಪೂರ್ಣವಾಯಿತೇ, ಅಥವಾ ಅಲ್ಲಿಂದ ಅದು ಆರಂಭವಾಗುವುದೇ ಎಂಬುದು ಧರ್ಮದರ್ಶಿಗಳೂ ದಾನಿಗಳೂ ಸಮಾನವಾಗಿ ಯೋಚಿಸಬೇಕಾದ ಪ್ರಶ್ನೆ.

ಅಪ್ರಿಯವಾದ ಒಂದು ಹೋಲಿಕೆಯಿಂದ ಈ ವಿಚಾರವನ್ನು ತೊಡಗುವುದು ಒಳ್ಳೆಯದು. ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಮಾಂಸಕ್ಕಾಗಿಯೇ ದನಗಳನ್ನು ಸಾಕುವ ದೊಡ್ಡ ಉದ್ಯಮವಿದೆ. ಅಲ್ಲಿ ಕೊಬ್ಬಿಸುವ ದೊಡ್ಡಿಗೆ ಹೊಸ ಕರುಗಳು ಬಂದೊಡನೆ ಲಸಿಕೆ ಹಾಕುತ್ತಾರೆ, ಜಂತುಹುಳುವಿನ ಔಷಧಿ ಕೊಡುತ್ತಾರೆ. ಮಂಕಾಗಿ ನಿಂತ ಕರುವನ್ನು ಗುರುತಿಸಿ ಬೇರ್ಪಡಿಸಲು ಪ್ರತಿನಿತ್ಯ ದೊಡ್ಡಿಯನ್ನು ಸುತ್ತುವ ಕೆಲಸಗಾರರಿರುತ್ತಾರೆ. ಇದು ಕರುಣೆಯಲ್ಲ. ತೂಕ ಕಡಿಮೆಯಾದರೆ ನಷ್ಟವೆಂಬ ಲೆಕ್ಕ. ಬೇಗ ಬೆಳೆಯಲೆಂದು ಮೇವಿನಲ್ಲಿಯೇ ಪ್ರತಿಜೀವಕ ಔಷಧಗಳನ್ನು ಬೆರೆಸುವ ರೂಢಿಯೂ ಅಲ್ಲಿ ಬಹುಕಾಲ ನಡೆಯಿತು. ಯೂರೋಪಿನ ಒಕ್ಕೂಟವು ಅದನ್ನು 2006ರಲ್ಲಿ ಪೂರ್ಣವಾಗಿ ನಿಲ್ಲಿಸಿತು, ಅಮೆರಿಕವು ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳ ಮಟ್ಟಿಗೆ 2017ರಲ್ಲಿ ನಿಲ್ಲಿಸಿತು. ಆ ಪ್ರಾಣಿಯ ಆರೋಗ್ಯದ ಆಯುಷ್ಯ ಹೆಚ್ಚೆಂದರೆ ಒಂದೂವರೆ ಎರಡು ವರ್ಷ. ಕೊಲ್ಲುವುದಕ್ಕಾಗಿ ಕಾಪಾಡಿದ ಆರೋಗ್ಯವದು. ಆದರೂ ಒಂದು ಮಾತನ್ನು ಒಪ್ಪಲೇಬೇಕಾಗುತ್ತದೆ. ಕೊಲ್ಲಲಿರುವವನು ವೇಳೆಗೆ ಸರಿಯಾಗಿ ನೀಡುವ ಲಸಿಕೆಯನ್ನು, ಕಾಪಾಡುತ್ತೇನೆಂದು ತಂದುಕೊಂಡವನು ಮರೆತರೆ, ರೋಗದಿಂದ ನರಳುವ ಹಸುವಿಗೆ ಆ ಇಬ್ಬರ ಭಾವಗಳ ವ್ಯತ್ಯಾಸದಿಂದ ಆಗುವ ಉಪಕಾರವೇನು?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಪ್ರಾಣಹರಣವಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ಗಮನಿಸಬೇಕಾದುದು ಇದೇ. ಈ ಐದರಲ್ಲಿ ಒಂದಾದರೂ ಕೊಲ್ಲುವ ಮಾತಲ್ಲ. ಐದೂ ಸಾಕುವವನು ಮಾಡುವ ತಪ್ಪುಗಳು. ಕಟ್ಟುವುದು, ಹೊಡೆಯುವುದು, ಕಿವಿ ಮೂಗುಗಳನ್ನು ಕತ್ತರಿಸುವುದು, ಹೊರಲಾರದಷ್ಟು ಹೊರಿಸುವುದು, ವೇಳೆಗೆ ಮೇವು ನೀರು ಕೊಡದಿರುವುದು. ದನವನ್ನು ಮನೆಯಲ್ಲಿಟ್ಟುಕೊಂಡ ಗೃಹಸ್ಥನನ್ನು ಕಣ್ಣ ಮುಂದೆ ಇಟ್ಟುಕೊಂಡೇ ಆಚಾರ್ಯರು ಈ ಪಟ್ಟಿಯನ್ನು ಮಾಡಿದಂತಿದೆ. ಕೊಲ್ಲದಿರುವುದು ವ್ರತ, ಸಾಕುವ ರೀತಿಯಲ್ಲಿ ಅದು ಮಲಿನವಾಗುತ್ತದೆ. ಭಾರತ ಸರ್ಕಾರದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣವೂ ಸಾಕಷ್ಟು ಆಹಾರ, ನೀರು, ಆಸರೆಗಳನ್ನು ಕೊಡದ ಒಡೆಯನನ್ನು ಅಪರಾಧಿಯೆಂದೇ ಎಣಿಸುತ್ತದೆ. ಗೋಶಾಲೆಗೆ ಇದರಿಂದ ವಿನಾಯಿತಿಯಿಲ್ಲ.

ಅನ್ನಪಾನನಿರೋಧವೆಂಬುದು ಮೇವನ್ನು ಹಾಕದಿರುವುದು ಮಾತ್ರವಲ್ಲ. ಗೋಶಾಲೆಗೆ ಬರುವ ದನಗಳಲ್ಲಿ ಬಹುಪಾಲು ವಯಸ್ಸಾದವು. ಅವುಗಳ ಹಲ್ಲು ಸವೆದಿರುತ್ತದೆ, ಕೆಲವಕ್ಕೆ ಬಿದ್ದೇಹೋಗಿರುತ್ತದೆ. ಉದ್ದನೆಯ ಒಣ ಹುಲ್ಲನ್ನು ಗೋದಲಿ ತುಂಬ ಹಾಕಿದರೂ ಅವು ಅಗಿಯಲಾರವು. ಕತ್ತರಿಸಿ, ನೀರು ಚಿಮುಕಿಸಿ ಕೊಡಬೇಕು. ಎಲ್ಲ ದನಗಳನ್ನೂ ಒಂದೇ ಕಡೆ ಬಿಟ್ಟಾಗ ಬಲವುಳ್ಳ ಹೋರಿಗಳು ಮುಂದೆ ನುಗ್ಗಿ, ಬಡವಾದವು ಹಿಂದೆ ಉಳಿಯುತ್ತವೆ. ಸಂಜೆ ಲೆಕ್ಕ ನೋಡಿದರೆ ಮೇವು ಖರ್ಚಾಗಿದೆ, ಎಲ್ಲರಿಗೂ ಸಂದಿದೆಯೆಂದು ತೋರುತ್ತದೆ. ವಾಸ್ತವದಲ್ಲಿ ಮೂಲೆಯ ಮುದಿ ಹಸು ಮೂರು ದಿನಗಳಿಂದ ಉಪವಾಸವಿದೆ. ಅದು ಅನಶನ ತಪಸ್ಸಲ್ಲ, ಬಲವಂತದ ಹಸಿವು. ಮುದಿ ದನ, ಕರು, ಗಬ್ಬದ ಹಸು, ಹೋರಿ ಇವುಗಳಿಗೆ ಪ್ರತ್ಯೇಕ ಕಟಾಂಜನಗಳನ್ನು ಮಾಡುವುದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ.

ಕೊಡದಿರುವುದರಿಂದ ಆಗುವ ಹಿಂಸೆಯಂತೆ, ಕೊಡುವುದರಿಂದ ಆಗುವ ಹಿಂಸೆಯೂ ಒಂದಿದೆ. ಹಬ್ಬದ ದಿನ, ಮದುವೆಯ ಮರುದಿನ, ಹಿರಿಯರ ಸ್ಮರಣೆಯ ದಿನ ಭಕ್ತರು ಬುಟ್ಟಿಗಟ್ಟಲೆ ಅನ್ನ, ಬೆಲ್ಲ, ಬಾಳೆಹಣ್ಣು, ಹೋಳಿಗೆಗಳನ್ನು ತಂದು ಗೋಶಾಲೆಯಲ್ಲಿ ಉಣಿಸುತ್ತಾರೆ. ದನದ ಜಠರವು ನಾಲ್ಕು ಭಾಗವುಳ್ಳದ್ದು. ಮೊದಲನೆಯದಾದ ದೊಡ್ಡ ಚೀಲದಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಹುಲ್ಲಿನ ನಾರನ್ನು ಕರಗಿಸಿ ಕೊಡುತ್ತವೆ. ಹುಲ್ಲಿಗೆ ಹೊಂದಿಕೊಂಡ ಆ ಜೀವಿಗಳ ನಡುವೆ ಒಮ್ಮೆಲೇ ಅನ್ನ, ಬೆಲ್ಲ ಬಿದ್ದರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಬೆಳೆದು ಹುಳಿಯನ್ನು ಉಂಟುಮಾಡುತ್ತವೆ. ಹೊಟ್ಟೆಯೊಳಗಣ ಹುಳಿ ಏರಿದಂತೆ ಮೆಲುಕು ನಿಲ್ಲುತ್ತದೆ, ಮೈಯ ನೀರು ಹೊಟ್ಟೆಗೆ ಸೆಳೆಯಲ್ಪಡುತ್ತದೆ, ಹಸು ತೂರಾಡಿ ಮಲಗುತ್ತದೆ. ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಪಶುವೈದ್ಯರಿಗೆ ಇದು ಚಿರಪರಿಚಿತವಾದ ರೋಗ. ದಾನಿಗೆ ಮಾತ್ರ ಇದರ ಸುದ್ದಿಯೇ ತಲಪುವುದಿಲ್ಲ; ಆತನು ಪುಣ್ಯ ಕಟ್ಟಿಕೊಂಡು ಊರಿಗೆ ಹೋಗಿರುತ್ತಾನೆ. ಪ್ಲಾಸ್ಟಿಕ್ ಚೀಲದೊಡನೆಯೇ ಹಣ್ಣಿನ ಸಿಪ್ಪೆಯನ್ನು ನುಂಗಿದ ದನದ ಕಥೆಯಂತೂ ಇನ್ನೂ ದೀರ್ಘವಾದ ಯಾತನೆ. ಚೀಲ ಕರಗುವುದಿಲ್ಲ, ಹೊರಗೆ ಬರುವುದಿಲ್ಲ. ಹೊಟ್ಟೆ ತುಂಬಿದಂತೆ ಕಾಣುವ ಹಸು ಒಳಗೊಳಗೇ ಸೊರಗುತ್ತದೆ. ಬೇಯಿಸಿದ ಆಹಾರವನ್ನು ಗೋಶಾಲೆಯ ಬಾಗಿಲಲ್ಲೇ ನಿಲ್ಲಿಸಿ ಅದರ ಬದಲು ಹಸಿರು ಮೇವಿನ ಬೆಲೆಯನ್ನು ಪಡೆಯುವ ಧೈರ್ಯವನ್ನು ಧರ್ಮದರ್ಶಿಗಳು ತೋರಬೇಕು. ಭಕ್ತರಿಗೆ ಬೇಸರವಾದೀತೆಂಬ ಭಯ ಸಹಜವೇ. ಆದರೆ ಗೋಶಾಲೆ ಕಟ್ಟಿದ್ದು ಭಕ್ತರ ಮನಸ್ಸಂತೋಷಕ್ಕೋ ದನದ ರಕ್ಷಣೆಗೋ?

ಔಷಧದಾನವು ಮುನಿ, ಆರ್ಯಿಕೆಯರೇ ಮೊದಲಾದ ಪಾತ್ರರಿಗೆ ಹೇಳಿದ್ದಲ್ಲದೆ ತಿರ್ಯಂಚ ಜೀವಿಗಳಿಗಲ್ಲವೆಂದು ಕೆಲವರು ವಾದಿಸುವುದುಂಟು. ಪಾತ್ರದಾನ ಬೇರೆ, ಕರುಣಾದಾನ ಬೇರೆ ಎಂಬುದು ನಿಜ. ಆದರೆ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪಾತ್ರದತ್ತಿಯ ಜೊತೆಗೇ ದಯಾದತ್ತಿಯನ್ನೂ ಗೃಹಸ್ಥನಿಗೆ ವಿಧಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನಗಳಿಗೆ ಕೊಟ್ಟ ನಾಲ್ಕು ದೃಷ್ಟಾಂತಗಳಲ್ಲಿ ಔಷಧದಾನದ ದೃಷ್ಟಾಂತ ವೃಷಭಸೇನೆ. ಟೀಕೆಯಲ್ಲಿ ಬರುವ ಕಥೆಯಂತೆ ಆಕೆ ವರ್ತಕನ ಮಗಳು. ಅವಳ ಸ್ನಾನದ ನೀರು ನಿಂತ ಗುಂಡಿಯಲ್ಲಿ ಬಿದ್ದೆದ್ದ ರೋಗಿಷ್ಠ ನಾಯಿಯೊಂದು ಗುಣಹೊಂದುವುದನ್ನು ಕಂಡೇ ಆಕೆಯ ಹಿಂದಿನ ಜನ್ಮದ ಪುಣ್ಯ ಪ್ರಕಟವಾಗುತ್ತದೆ. ಔಷಧದಾನದ ಹಿರಿಮೆಯನ್ನು ತೋರಲು ಕಥೆಗಾರನು ಮೊದಲು ತಂದದ್ದು ಒಂದು ನಾಯಿಯನ್ನು.

ಕನ್ನಡ ನಾಡಿನ ಜೈನರಿಗೆ ಈ ವಿಷಯದಲ್ಲಿ ಹೆಮ್ಮೆಪಡಬೇಕಾದ ಪರಂಪರೆಯೇ ಇದೆ. ಕಲ್ಯಾಣದ ಚಾಲುಕ್ಯ ವಂಶದ ರಾಜಕುಮಾರನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಕೀರ್ತಿವರ್ಮನು ಸುಮಾರು 1125ರಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಈತನು ಜೈನ. ಅರಮನೆಯಲ್ಲಿ ಹುಟ್ಟಿದವನು ಆನೆ ಕುದುರೆಗಳನ್ನು ಬಿಟ್ಟು ಒಕ್ಕಲಿಗನ ದನದ ಬೇನೆಗಳನ್ನು ಕುರಿತು ಬರೆದನೆಂಬುದು ಸಣ್ಣ ಮಾತಲ್ಲ. ಆ ಗ್ರಂಥದಲ್ಲಿ ಮದ್ದಿನ ಜೊತೆಗೆ ಮಂತ್ರವೂ ಬೆರೆತಿದೆ. ಅದು ಆ ಕಾಲದ ಧರ್ಮ. ಅವನಿಗಿಂತ ಹಿಂದೆ ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಮನುಷ್ಯರ ಚಿಕಿತ್ಸೆಯನ್ನು ನಿರೂಪಿಸಿದ ವೈದ್ಯಗ್ರಂಥ. ಕನ್ನಡದಲ್ಲಿ ಜಗದ್ದಳ ಸೋಮನಾಥನು ಅದೇ ದಾರಿಯಲ್ಲಿ ನಡೆದನು. ಹಿಂಸೆಯ ಭಯದಿಂದ ವೈದ್ಯವನ್ನೇ ಬಿಡಬೇಕೆಂದು ಇವರಾರೂ ತಿಳಿಯಲಿಲ್ಲ. ವೈದ್ಯದೊಳಗಿನ ಹಿಂಸೆಯನ್ನು ಎಷ್ಟು ತೆಗೆಯಬಹುದೆಂದು ನೋಡಿದರು.

ಇಲ್ಲಿಗೆ ಈ ವಿಚಾರದ ಕಠಿಣ ಭಾಗವು ಬರುತ್ತದೆ. ದನದ ಹೊಟ್ಟೆಯಲ್ಲಿ ಜಂತುಹುಳುಗಳಿವೆ, ಮೈಮೇಲೆ ಉಣುಗುಗಳಿವೆ. ಹುಳು ದ್ವೀಂದ್ರಿಯ ಜೀವಿ, ಉಣುಗು ತ್ರೀಂದ್ರಿಯ. ಔಷಧಿ ಕೊಟ್ಟರೆ ಅವು ಸಾಯುತ್ತವೆ; ಕೊಡದಿದ್ದರೆ ಪಂಚೇಂದ್ರಿಯವಾದ ಹಸು ರಕ್ತಹೀನವಾಗಿ ಸೊರಗುತ್ತದೆ. ಉಣುಗಿನಿಂದ ಹರಡುವ ಥೈಲೀರಿಯ, ಬಬೇಸಿಯ ರೋಗಗಳು ಮಿಶ್ರತಳಿಯ ದನಗಳನ್ನು ಬೇಗ ಕೊಲ್ಲುತ್ತವೆ. ಈ ಸಂಕಟದ ಮುಂದೆ ಕೆಲವು ಸಂಸ್ಥೆಗಳು ಜಂತುಹುಳುವಿನ ಔಷಧಿಯನ್ನೇ ಕೊಡುವುದಿಲ್ಲ. ಇನ್ನು ಕೆಲವರು ಯೋಚನೆಯೇ ಇಲ್ಲದೆ ವರ್ಷಕ್ಕೆ ನಾಲ್ಕು ಬಾರಿ ಎಲ್ಲ ದನಗಳಿಗೂ ಕುಡಿಸಿಬಿಡುತ್ತಾರೆ. ಮೂರನೆಯ ಜಾಣರೂ ಇದ್ದಾರೆ. ಕೊಟ್ಟಿಗೆಯಲ್ಲಿ ನಾಟಿ ಕೋಳಿಗಳನ್ನು ಬಿಟ್ಟು ಅವುಗಳಿಂದ ಉಣುಗುಗಳನ್ನು ತಿನ್ನಿಸಿ, ಹಿಂಸೆಯನ್ನು ಕೋಳಿಯ ಖಾತೆಗೆ ಖರ್ಚು ಬರೆಯುತ್ತಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಸಮಾನವಾಗಿ ಎಣಿಸುವ ಧರ್ಮದಲ್ಲಿ ಈ ಖಾತೆ ಬದಲಾವಣೆ ನಡೆಯುವುದಿಲ್ಲ.

ಹುಳುವಿನದು ಕಡಿಮೆ ಪ್ರಾಣ, ಹಸುವಿನದು ಹೆಚ್ಚು. ಆದ್ದರಿಂದ ಹುಳುವನ್ನು ಕೊಲ್ಲುವುದು ಧರ್ಮವೇ ಆಯಿತೆಂಬ ಸುಲಭ ಉತ್ತರವೊಂದುಂಟು. ದ್ವೀಂದ್ರಿಯಕ್ಕೆ ಆರು ಪ್ರಾಣ, ಸಂಜ್ಞಿ ಪಂಚೇಂದ್ರಿಯಕ್ಕೆ ಹತ್ತು ಪ್ರಾಣವೆಂಬ ಗಣನೆ ಶಾಸ್ತ್ರದಲ್ಲಿ ಇರುವುದೂ ನಿಜ. ಆದರೆ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಈ ಬಗೆಯ ವ್ಯಾಪಾರದ ಲೆಕ್ಕವನ್ನು ಒಪ್ಪುವುದಿಲ್ಲ. ಅನೇಕ ಜೀವಿಗಳನ್ನು ಕೊಲ್ಲುವ ಕ್ರೂರ ಪ್ರಾಣಿಯೊಂದನ್ನು ಕೊಂದರೆ ಅನೇಕರು ಉಳಿಯುವರಲ್ಲಾ ಎಂಬ ವಾದವನ್ನು ಅವರು ತಳ್ಳಿಹಾಕಿದ್ದಾರೆ. ಹಾಗಾದರೆ ಹುಳುವಿಗೆ ಔಷಧಿ ಕೊಡುವುದು ನಿಷಿದ್ಧವೇ? ಅದೂ ಅಲ್ಲ. ಅದೇ ಆಚಾರ್ಯರು ಹಿಂಸೆಯ ನಿರ್ಣಯವನ್ನು ಹೊರಗಿನ ಕ್ರಿಯೆಗಿಂತ ಒಳಗಿನ ಕಷಾಯ, ಪ್ರಮಾದಗಳ ಮೇಲೆ ನಿಲ್ಲಿಸುತ್ತಾರೆ. ಪ್ರಮಾದವಿದ್ದಾಗ ಜೀವಿ ಸಾಯಲಿ ಸಾಯದಿರಲಿ ಹಿಂಸೆ ಆಗಿಯೇ ಇದೆ. ರೋಗವನ್ನು ಕಂಡೂ ಕೈಕಟ್ಟಿ ಕುಳಿತ ಮೇಲ್ವಿಚಾರಕನು ಹುಳುವನ್ನು ಉಳಿಸಿದ ದಯಾಳುವಲ್ಲ, ಆತನು ಪ್ರಮತ್ತ. ತಾನು ತಂದು ಕಟ್ಟಿಕೊಂಡ ದನವದು. ಕಾಡಿನಲ್ಲಾಗಿದ್ದರೆ ಅದು ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಹೋಗಿ ಹುಳುವಿನ ಕಾಟವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಿತ್ತು. ಒಂದೇ ಕೆಸರಿನಲ್ಲಿ ನೂರು ದನಗಳನ್ನು ನಿಲ್ಲಿಸಿದವನು ಮನುಷ್ಯ. ಹುಳುವಿನ ಹುಟ್ಟಿಗೂ ಹಸುವಿನ ನೋವಿಗೂ ಅವನೇ ಕಾರಣನಾದ ಮೇಲೆ ತಟಸ್ಥನೆಂದು ಹೇಳಿಕೊಳ್ಳುವ ಅವಕಾಶ ಅವನಿಗಿಲ್ಲ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಡಿಕೆ. ಚಿಕಿತ್ಸೆಯ ಹಿಂಸೆಯನ್ನು ಸಂಕಲ್ಪೀ ಎನ್ನುವಂತಿಲ್ಲ. ಕೊಲ್ಲುವ ಆಸೆಯಿಂದ ಯಾರೂ ಔಷಧಿ ಕುಡಿಸುವುದಿಲ್ಲ. ಆದರೆ ಅದು ಹಿಂಸೆಯೇ ಅಲ್ಲವೆಂದೂ ಹೇಳಲಾಗದು. ಶ್ರಾವಕನು ಬಿಡಲಾರದ, ಆದರೆ ಕಡಿಮೆ ಮಾಡಬಲ್ಲ ಹಿಂಸೆಗಳ ಸಾಲಿಗೆ ಅದು ಸೇರುತ್ತದೆ. ಈ ಕಡಿಮೆ ಮಾಡುವ ಯತ್ನಾಚಾರದಲ್ಲಿಯೇ ಜೈನ ಗೋಶಾಲೆಯ ವೈಶಿಷ್ಟ್ಯವಿರಬೇಕು. ಸಗಣಿಯನ್ನು ಪಶು ಆಸ್ಪತ್ರೆಗೆ ಕಳುಹಿಸಿ ಹುಳುವಿನ ಮೊಟ್ಟೆಗಳಿವೆಯೇ ಎಂದು ಪರೀಕ್ಷಿಸಿ, ಇರುವ ದನಕ್ಕೆ ಮಾತ್ರ ಔಷಧಿ ಕೊಟ್ಟರೆ ವೃಥಾ ಹಿಂಸೆ ತಪ್ಪುತ್ತದೆ. ಎಲ್ಲಕ್ಕೂ ಪದೇ ಪದೇ ಕೊಟ್ಟಾಗ ಹುಳುಗಳು ಔಷಧಿಗೆ ಒಗ್ಗಿಹೋಗುವ ಲೌಕಿಕ ನಷ್ಟವೂ ತಪ್ಪುತ್ತದೆ. ಐವರ್‌ಮೆಕ್ಟಿನ್‌ನಂತಹ ಔಷಧಗಳು ಸಗಣಿಯಲ್ಲಿ ಉಳಿದು ಸಗಣಿಹುಳುಗಳನ್ನೂ ಕೊಲ್ಲುತ್ತವೆಯಾದ್ದರಿಂದ ಯಾವ ಔಷಧಿಯೆಂಬುದನ್ನೂ ವೈದ್ಯರೊಡನೆ ಚರ್ಚಿಸಬೇಕು. ಯಕೃತ್ತಿನ ಚಪ್ಪಟೆ ಹುಳು ಜೌಗಿನ ಬಸವನಹುಳುವಿನ ಮೂಲಕ ಬರುವಂಥದು. ಜೌಗಿನಲ್ಲಿ ಮೇಯಿಸದೆ ತೊಟ್ಟಿಯ ನೀರು ಕುಡಿಸಿದರೆ ಬಸವನಹುಳುವೂ ಉಳಿಯಿತು, ಹಸುವೂ ಉಳಿಯಿತು. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ನೆಲವನ್ನು ಒಣದಾಗಿಟ್ಟರೆ ಉಣುಗು ಮೊಟ್ಟೆಯಿಡಲು ಎಡೆಯಿರುವುದಿಲ್ಲ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಇಂದು ಪೊರಕೆ ಹಿಡಿಯದ ಸೋಮಾರಿತನವು ನಾಳೆ ವಿಷವನ್ನು ಸಿಂಪಡಿಸುವ ಅನಿವಾರ್ಯತೆಯನ್ನು ತರುತ್ತದೆ. ಆ ಸಾವಿರಾರು ಜೀವಗಳ ಹಿಂಸೆಯ ಮೂಲ ವಿಷದಲ್ಲಿಲ್ಲ, ಸೋಮಾರಿತನದಲ್ಲಿದೆ.

ಲಸಿಕೆಯ ವಿಷಯದಲ್ಲಿ ಇಷ್ಟು ಚರ್ಚೆ ಅನಗತ್ಯ. ಒಂದು ಕಾಲಕ್ಕೆ ಭಾರತದ ದನಗಳನ್ನು ಹಳ್ಳಿಹಳ್ಳಿಯಾಗಿ ಬಲಿತೆಗೆದುಕೊಳ್ಳುತ್ತಿದ್ದ ದೊಡ್ಡರೋಗವು ಲಸಿಕೆಯಿಂದಲೇ ನಿರ್ಮೂಲವಾಯಿತು. ಇಡೀ ಜಗತ್ತು ಅದರಿಂದ ಮುಕ್ತವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಕಾಲುಬಾಯಿ ಜ್ವರಕ್ಕೆ 2019ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕಾರ್ಯಕ್ರಮದಲ್ಲಿ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಮಳೆಗಾಲಕ್ಕೆ ಮೊದಲು ಗಳಲೆ ರೋಗ, ಚಪ್ಪೆ ಬೇನೆಗಳಿಗೂ ಹಾಕಿಸಬೇಕು. 2022ರಲ್ಲಿ ಚರ್ಮಗಂಟು ರೋಗವು ಗುಜರಾತ್, ರಾಜಸ್ಥಾನಗಳಲ್ಲಿ ಹಬ್ಬಿ ಕರ್ನಾಟಕಕ್ಕೂ ಬಂದಾಗ ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿ ತಡೆಯಬೇಕಾಯಿತು. ಕಚ್ಚುವ ನೊಣ, ಸೊಳ್ಳೆ, ಉಣುಗುಗಳಿಂದ ಹರಡುವ ಆ ರೋಗವು ದಟ್ಟಣೆಯ ಕೊಟ್ಟಿಗೆಗಳಿಗೆ ಹೇಳಿ ಮಾಡಿಸಿದಂಥದು. ಹೊಸದಾಗಿ ಬಿಡಿಸಿ ತಂದ ದನವನ್ನು ಅದೇ ದಿನ ಮಂಗಳಾರತಿ ಮಾಡಿ ಹಳೆಯ ದನಗಳ ನಡುವೆ ಬಿಡುವ ಪದ್ಧತಿಯಷ್ಟು ಅಪಾಯಕರವಾದುದು ಇನ್ನೊಂದಿಲ್ಲ. ಮೂರು ನಾಲ್ಕು ವಾರ ಪ್ರತ್ಯೇಕವಾಗಿಟ್ಟು ನೋಡಿ ಆಮೇಲೆ ಸೇರಿಸಬೇಕು. ಒಂದಕ್ಕೆ ಅಭಯ ಕೊಡುವ ಭರದಲ್ಲಿ ಐವತ್ತಕ್ಕೆ ರೋಗ ಕೊಡಬಾರದು.

ಗುಣವಾಗದ ರೋಗದಿಂದ ನರಳುವ ದನದ ಪ್ರಶ್ನೆ ಉಳಿದಿದೆ. ದೇಶದ ಕಾಯಿದೆಯು ಅಂತಹ ಪ್ರಾಣಿಯನ್ನು ನೋವಿಲ್ಲದೆ ಕೊನೆಗಾಣಿಸಲು ಅವಕಾಶ ಕೊಡುತ್ತದೆ. ಅಮೃತಚಂದ್ರರು ದುಃಖಿತ ಜೀವಿಯನ್ನು ದುಃಖ ಕಳೆಯುವ ನೆಪದಿಂದ ಕೊಲ್ಲಬಾರದೆಂದು ನಿಸ್ಸಂದಿಗ್ಧವಾಗಿ ಹೇಳಿದ್ದಾರೆ. ಜೈನ ಸಂಸ್ಥೆಗಳು ಎರಡನೆಯದನ್ನು ಪಾಲಿಸುವುದು ಸರಿಯೇ. ಆದರೆ ಕೊಲ್ಲುವುದಿಲ್ಲವೆಂದು ನಿರ್ಧರಿಸಿದವನ ಮೇಲೆ ನೋವನ್ನು ಶಮನಗೊಳಿಸುವ ಋಣವು ಇಮ್ಮಡಿಯಾಗುತ್ತದೆ. ಎದ್ದು ನಿಲ್ಲಲಾರದ ಹಸುವನ್ನು ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಬೇಕು, ಮೆತ್ತನೆಯ ಹುಲ್ಲಿನ ಹಾಸು ಬೇಕು, ಗಾಯಕ್ಕೆ ಹುಳು ಬೀಳದಂತೆ ನೋಡಬೇಕು, ನೋವಿನ ಔಷಧಿ ಬೇಕು.

ಆ ನೋವಿನ ಔಷಧಿಯಲ್ಲಿಯೂ ಒಂದು ಪಾಠವಿದೆ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಕಾರಣ ತಿಳಿಯದೆ ಸಾಯತೊಡಗಿದವು. ಮೂರು ಜಾತಿಗಳಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಹಕ್ಕಿಗಳು ಹೋದುವು. ದನಗಳಿಗೆ ನೋವಿಗಾಗಿ ಕೊಡುತ್ತಿದ್ದ ಡೈಕ್ಲೋಫಿನಾಕ್ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. 2006ರಲ್ಲಿ ಭಾರತ ಸರ್ಕಾರವು ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫಿನಾಕ್‌ಗಳನ್ನೂ ನಿಷೇಧಿಸಿತು. ಮೆಲಾಕ್ಸಿಕಾಂ ಹದ್ದುಗಳಿಗೆ ಅಪಾಯವಿಲ್ಲದ ಔಷಧಿ. ಕರುಣೆಯಿಂದ ಕೊಟ್ಟ ಮದ್ದು ಲಕ್ಷಾಂತರ ಪಂಚೇಂದ್ರಿಯ ಜೀವಿಗಳನ್ನು ಕೊಂದದ್ದು ಯಾರಿಗೂ ತಿಳಿದಿರಲಿಲ್ಲ. ಈಗ ತಿಳಿದಿದೆ. ಮನುಷ್ಯರ ಔಷಧದಂಗಡಿಯಿಂದ ಡೈಕ್ಲೋಫಿನಾಕ್ ತಂದು ದನಕ್ಕೆ ಚುಚ್ಚಿಸುವುದು ಇನ್ನು ಅಜ್ಞಾನವೆನಿಸದು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವಾಗಿ ಘೋಷಿಸಲಾಯಿತು. ಆ ಸುತ್ತಿನ ಗೋಶಾಲೆಗಳಂತೂ ತಮ್ಮ ಔಷಧದ ಕಪಾಟನ್ನು ಒಮ್ಮೆ ತೆರೆದು ನೋಡುವುದು ಯುಕ್ತ.

ಇಷ್ಟೆಲ್ಲಕ್ಕೂ ಹಣವೆಲ್ಲಿಂದ ಎಂಬ ಧರ್ಮದರ್ಶಿಗಳ ಪ್ರಶ್ನೆ ನ್ಯಾಯವಾದುದೇ. ಲೆಕ್ಕ ಹೀಗಿದೆ. 400 ಕಿಲೋ ತೂಕದ ಹಸುವಿಗೆ ದಿನಕ್ಕೆ ಸುಮಾರು 10 ಕಿಲೋ ಒಣ ಮೇವಿನಷ್ಟು ಆಹಾರ, 40ರಿಂದ 60 ಲೀಟರು ನೀರು ಬೇಕು. ವರ್ಷಕ್ಕೆ ಮೂರೂವರೆ ಟನ್ನಿಗೂ ಮೇಲಾಯಿತು. ಇಂದು ಸೇರಿಸಿಕೊಂಡ ಹೆಣ್ಣುಕರು 15 ವರ್ಷ ಬದುಕಿದರೆ, ಎಳೆಯ ವಯಸ್ಸಿನ ಕಡಿಮೆ ಮೇವನ್ನು ಕಳೆದರೂ, 45 ಟನ್ನಿನ ಮೇಲಿನ ಹೊಣೆ. ತಲೆಯೊಂದಕ್ಕೆ ಸೂರಿನ ಕೆಳಗೆ ಮೂರೂವರೆ ಚದರ ಮೀಟರು, ಬಯಲಿನಲ್ಲಿ ಏಳು ಚದರ ಮೀಟರು ಸ್ಥಳ ಬೇಕೆಂಬುದು ಭಾರತೀಯ ಮಾನಕ. ವ್ಯಾಪಾರಸ್ಥರೇ ತುಂಬಿರುವ ಸಮಾಜದಲ್ಲಿ ಬಿಡಿಸಿ ತಂದ ಪ್ರತಿ ದನವನ್ನೂ ಜಮಾ ಪುಟದಲ್ಲಿ ಮಾತ್ರ ಬರೆದುಕೊಂಡು ಹೊಣೆಯ ಪುಟವನ್ನು ಖಾಲಿ ಬಿಡುವುದು ಆಶ್ಚರ್ಯದ ಸಂಗತಿ. ಅಂಗಡಿಯ ಅಢಾವೆ ಪತ್ರಿಕೆಯಲ್ಲಿ ಹೀಗೆ ಮಾಡಿದರೆ ಯಾವ ಲೆಕ್ಕಪರಿಶೋಧಕನೂ ರುಜು ಹಾಕನು. ಕರ್ನಾಟಕದ ಗೋಹತ್ಯೆ ನಿಷೇಧ ಕಾಯಿದೆಯು 2021ರಲ್ಲಿ ಜಾರಿಗೆ ಬಂದ ಮೇಲೆ ದನಗಳನ್ನು ತಂದು ಬಿಡುವವರ ಒತ್ತಡವು ಗೋಶಾಲೆಗಳ ಮೇಲೆ ಸಹಜವಾಗಿಯೇ ಬಿದ್ದಿದೆ. ಸ್ಥಳ ಮೀರಿದ ಮೇಲೆ ಬಾಗಿಲಲ್ಲಿ ನಿಂತ ದನವನ್ನು ಹಿಂದೆ ಕಳುಹಿಸುವುದು ಹೃದಯ ಹಿಂಡುವ ಕೆಲಸ. ಒಳಗಿನ ಇನ್ನೂರರ ಮೇವನ್ನು ಕಸಿದು ಇನ್ನೂರೊಂದನೆಯದಕ್ಕೆ ಕೊಡುವುದೂ ಅತಿಭಾರಾರೋಪಣದ ಇನ್ನೊಂದು ರೂಪವೇ. ಭಾರ ಬೆನ್ನಿನ ಮೇಲಿಲ್ಲ, ಹೊಟ್ಟೆಯ ಮೇಲಿದೆ. ಅಂತಹ ಸಂದರ್ಭದಲ್ಲಿ ದಾನಿಯು ಬಿಡಿಸುವ ಹಣದ ಜೊತೆಗೆ ಪಕ್ಕದ ರೈತನ ಮನೆಯಲ್ಲಿಯೇ ಆ ದನವು ಉಳಿಯುವಂತೆ ಮೇವಿನ ಹಾಗೂ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಳ್ಳುವ ಏರ್ಪಾಡನ್ನು ಯೋಚಿಸಬಹುದು. ಅದಕ್ಕೆ ಶಿಲಾಫಲಕವಿರುವುದಿಲ್ಲ, ಅಷ್ಟೆ.

ಗೋಶಾಲೆಯ ವಾರ್ಷಿಕ ವರದಿಗಳಲ್ಲಿ ಎಷ್ಟು ದನಗಳನ್ನು ಬಿಡಿಸಿ ತರಲಾಯಿತೆಂಬ ಅಂಕಿ ತಪ್ಪದೆ ದಪ್ಪಕ್ಷರದಲ್ಲಿ ಇರುತ್ತದೆ. ಅದರ ಪಕ್ಕದಲ್ಲಿ ಆ ವರ್ಷ ಎಷ್ಟು ಸತ್ತುವು, ಯಾವ ಯಾವ ಕಾರಣದಿಂದ, ಬಂದ ಎಷ್ಟು ದಿನಗಳಲ್ಲಿ, ಅವುಗಳಲ್ಲಿ ಎಷ್ಟಕ್ಕೆ ಪಶುವೈದ್ಯರನ್ನು ಕರೆಸಲಾಗಿತ್ತು ಎಂಬ ನಾಲ್ಕು ಕಾಲಮುಗಳನ್ನು ಸೇರಿಸಿ, ಸಾಮಾನ್ಯ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುವಂತೆ ದಾನಿಗಳು ಕೇಳಬೇಕು. ಮುಂದಿನ ಸಭೆಗಳು ಚೈತ್ರದ ಮೊದಲು ಸೇರುವ ಸಂಸ್ಥೆಗಳಿಗೆ ಅದನ್ನು ಸಿದ್ಧಪಡಿಸಲು ಸಾಕಷ್ಟು ಕಾಲವಿದೆ.